ಗೀರಿನ ಉಪಕಾರ

ಸ್ಕೂಟರಿನ ಮೈಮೇಲಿನ ಗೀರುಗಳನ್ನು ನೋಡಿ ಆ ಮನೆಯ ದಿನಚರಿಯನ್ನು ಹೆಚ್ಚುಕಡಿಮೆ ಹೇಳಿಬಿಡಬಹುದು. ಕೀಲಿ ತೂರಿಸುವ ಜಾಗದ ಕೆಳಗೆ ಬಣ್ಣ ಅರ್ಧಚಂದ್ರಾಕಾರವಾಗಿ ಸವೆದಿದೆಯೇ? ಯಜಮಾನರ ಗೊಂಚಲಿನಲ್ಲಿ ಮನೆ, ಬೀರು, ಆಫೀಸಿನ ಡ್ರಾಯರು ಎಲ್ಲದರ ಕೀಲಿಗಳೂ ತೂಗುತ್ತಿವೆ. ಮುಂದಿನ ಶೀಲ್ಡಿನ ಒಳಮೈಯಲ್ಲಿ ಸಣ್ಣ ಸಣ್ಣ ಕಪ್ಪು ಗೀಟುಗಳೇ? ಶೂ ಹಾಕಿಕೊಂಡು ಮುಂದೆ ನಿಂತೇ ಶಾಲೆಗೆ ಹೋಗುವ ಮಗುವೊಂದು ಮನೆಯಲ್ಲಿದೆ. ಕಾಲಿಡುವ ಜಾಗದ ಅಂಚು ಕೆತ್ತಿಹೋಗಿದ್ದರೆ ಗ್ಯಾಸ್ ಸಿಲಿಂಡರಿನ ಸವಾರಿ ಆಗಾಗ ನಡೆಯುತ್ತಿರುತ್ತದೆ. ಪಕ್ಕದಲ್ಲಿ ಉದ್ದಕ್ಕೆ ಒಂದೇ ಗೀರು ಎಳೆದಂತಿದ್ದರೆ ಗೇಟಿನ ಎರಡನೇ ಬಾಗಿಲನ್ನು ತೆರೆಯುವ ಅಭ್ಯಾಸ ಆ ಮನೆಯವರಿಗಿಲ್ಲ.

ನಮ್ಮ ಸ್ಕೂಟರಿನಲ್ಲಿ ಇವೆಲ್ಲವೂ ಇದ್ದವು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುವಾಗ ನಮ್ಮದನ್ನು ಕಂಬಕ್ಕೆ ಒತ್ತಿ ಹೋದ ಮೇಲೆ ಬಲಗಡೆಯ ಸೈಡ್ ಪ್ಯಾನೆಲ್ ಬಿರುಕು ಬಿಟ್ಟು, ಹಂಪ್ ಬಂದಾಗಲೆಲ್ಲ ಪಟಪಟ ಬಡಿದುಕೊಳ್ಳತೊಡಗಿತು. "ರೀ, ಈ ಸದ್ದು ಮಾಡ್ಕೊಂಡು ಮದುವೆ ಛತ್ರದ ಮುಂದೆ ಇಳಿಯೋಕೆ ನನ್ನಿಂದಾಗಲ್ಲ" ಎಂದಳು ಹೆಂಡತಿ. ಅಲ್ಲಿಗೆ ತೀರ್ಮಾನವಾಯಿತು.

ಅಪ್ಪನ ಕಾಲದಲ್ಲಾಗಿದ್ದರೆ ಪ್ಯಾನೆಲ್ ಬದಲಾಯಿಸುವ ಮಾತೇ ಏಳುತ್ತಿರಲಿಲ್ಲ. 1972ರಲ್ಲಿ ಬಂದ ಬಜಾಜ್ ಚೇತಕ್‌ಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ಕಾದು ಪಡೆದದ್ದರ ಒಂದು ತಗಡನ್ನೂ ಎಸೆಯುವ ಮನಸ್ಸು ಯಾರಿಗೆ ಬಂದೀತು? ತಗ್ಗು ಬಿದ್ದರೆ ಟಿಂಕರಿಂಗ್ ಅಂಗಡಿ. ಅಲ್ಲಿನ ಸಾಬರು ಪ್ಯಾನೆಲ್ಲನ್ನು ಬೋರಲು ಹಾಕಿ ಒಳಗಿನಿಂದ ಮೆಲ್ಲಗೆ ಬಡಿದು, ಪುಟ್ಟಿ ಮೆತ್ತಿ, ನೀರು ಹಚ್ಚಿ ಉಜ್ಜುಕಾಗದದಿಂದ ತಿಕ್ಕಿ, ಪ್ರೈಮರ್ ಹೊಡೆದು ಒಣಗಲು ಬಿಡುತ್ತಿದ್ದರು. ಬಣ್ಣವನ್ನು ಕಣ್ಣಳತೆಯಲ್ಲೇ ಬೆರೆಸಿ, ಹಳೆಯ ಬಣ್ಣದ ಪಕ್ಕ ಒಂದು ಬೊಟ್ಟು ಇಟ್ಟು ನೋಡಿ, ತಲೆ ಅಲ್ಲಾಡಿಸಿ, ಇನ್ನೊಂದು ಹನಿ ಬಿಳಿ ಸೇರಿಸುತ್ತಿದ್ದರು. ಹೀಗೆ ನಮ್ಮ ಚೇತಕ್ಕಿನ ಪ್ಯಾನೆಲ್ ಪ್ರತಿ ಅಪಘಾತಕ್ಕೂ ಒಂದೊಂದು ಪದರ ದಪ್ಪವಾಗುತ್ತ ಹೋಯಿತು.

ಆ ಸ್ಕೂಟರಿನಲ್ಲಿ ಬಿಚ್ಚಲು ಬರುತ್ತಿದ್ದದ್ದೂ ಮುಖ್ಯವಾಗಿ ಎರಡು ಪಕ್ಕದ ಹೊದಿಕೆಗಳು ಮಾತ್ರ. ಬಲಗಡೆಯದರ ಒಳಗೆ ಎಂಜಿನ್ನು. ಎಡಗಡೆಯದು ಬೀಗವಿರುವ ಡಿಕ್ಕಿ. ಅದರಲ್ಲಿ ಒರೆಸುವ ಬಟ್ಟೆ, ಹೆಚ್ಚುವರಿ ಪ್ಲಗ್ಗು, ಸಂತೆಯ ದಿನ ಬೀನ್ಸು. ಉಳಿದ ಮೈಯೆಲ್ಲ ಒತ್ತಿ ಬೆಸೆದ ಉಕ್ಕಿನ ತಗಡು. ಆ ತಗಡೇ ಚರ್ಮ, ಅದೇ ಅಸ್ಥಿಪಂಜರ. ಈ ಕಟ್ಟೋಣ ಚೇತಕ್ಕಿಗೆ ಬಂದದ್ದು ಇಟಲಿಯ ವೆಸ್ಪಾದಿಂದ. 1960ರ ದಶಕದ ಆರಂಭದಿಂದ ಬಜಾಜ್ ವೆಸ್ಪಾವನ್ನು ಪಿಯಾಜಿಯೊ ಕಂಪನಿಯ ಪರವಾನಗಿಯಲ್ಲಿ ಇಲ್ಲೇ ತಯಾರಿಸುತ್ತಿತ್ತು.

ಪಿಯಾಜಿಯೊ ವಿಮಾನ ಕಟ್ಟುತ್ತಿದ್ದ ಕಂಪನಿ. ಪೊಂಟೆಡೆರಾದ ಅದರ ಕಾರ್ಖಾನೆ ಎರಡನೇ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ ಹಾಳಾಗಿತ್ತು. ವಿಮಾನದ ಬೇಡಿಕೆ ನಿಂತಾಗ ಎನ್ರಿಕೊ ಪಿಯಾಜಿಯೊ ಜನಸಾಮಾನ್ಯರಿಗೊಂದು ಅಗ್ಗದ ವಾಹನ ಬೇಕೆಂದು ಕೊರಾದಿನೊ ದಸ್ಕಾನಿಯೊಗೆ ಹೇಳಿದರು. ದಸ್ಕಾನಿಯೊ ಹೆಲಿಕಾಪ್ಟರ್ ರೂಪಿಸಿದ್ದ ಎಂಜಿನಿಯರ್. ಅವರಿಗೆ ಮೋಟಾರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಕಾಲೆತ್ತಿ ಹತ್ತಬೇಕು, ಪಂಕ್ಚರಾದರೆ ಚಕ್ರ ಬಿಚ್ಚುವುದು ತಾಪತ್ರಯ, ಚೈನಿನ ಎಣ್ಣೆ ಪ್ಯಾಂಟಿಗೆ. ಆದ್ದರಿಂದ ಅವರು ಚೈನನ್ನೇ ತೆಗೆದುಹಾಕಿ ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೆ ತಂದು, ಮೇಲೆ ಹೊದಿಕೆ ಮುಚ್ಚಿದರು. 1946ರ ಏಪ್ರಿಲ್ 23ರಂದು ಫ್ಲಾರೆನ್ಸಿನಲ್ಲಿ ಸಲ್ಲಿಸಿದ ಪೇಟೆಂಟಿನ ಶೀರ್ಷಿಕೆಯಲ್ಲೇ ಮಡ್ಗಾರ್ಡಿನ ಮಾತೂ, ಇಡೀ ಯಂತ್ರಭಾಗವನ್ನು ಮುಚ್ಚುವ ಹೊದಿಕೆಯ ಮಾತೂ ಇದೆ. ನಮ್ಮ ಬಟ್ಟೆ ಉಳಿಯಲೆಂದು ಯಂತ್ರಕ್ಕೆ ಬಟ್ಟೆ ತೊಡಿಸಿದ ಮನುಷ್ಯ ಅವರು. ಇಟಲಿಯಲ್ಲಿ ಅದು ಲಂಗ ತೊಟ್ಟವರಿಗೂ ಪಾದ್ರಿಯ ನಿಲುವಂಗಿಗೂ ಒದಗಿತು. ಇಲ್ಲಿ ಸೀರೆಗೂ ಪಂಚೆಗೂ.

ಪ್ರತಿಸ್ಪರ್ಧಿ ಲ್ಯಾಂಬ್ರೆಟಾದವರು ಹೊದಿಕೆಯನ್ನು ಗಿರಾಕಿಯ ಇಷ್ಟಕ್ಕೇ ಬಿಟ್ಟಿದ್ದರು. 1950ರ ದಶಕದಲ್ಲಿ ಒಂದೇ ಸ್ಕೂಟರು ಎರಡು ರೂಪದಲ್ಲಿ ಸಿಗುತ್ತಿತ್ತು: 'ಡಿ' ಮಾದರಿ ಬರಿಮೈಯದು, 'ಎಲ್‌ಡಿ' ಹೊದಿಕೆ ಹಾಕಿದ್ದು. ಅದರ ಆಧಾರ ಕೊಳವೆಯ ಚೌಕಟ್ಟಾದ್ದರಿಂದ ಪ್ಯಾನೆಲ್ ಇದ್ದರೂ ಓಡುತ್ತಿತ್ತು, ಇಲ್ಲದಿದ್ದರೂ ಓಡುತ್ತಿತ್ತು. ಇವತ್ತಿನ ಗೇರಿಲ್ಲದ ಸ್ಕೂಟರುಗಳಲ್ಲಿ ಬಹುಪಾಲು ಈ ಜಾತಿಯವೇ. ಒಳಗೆ ಕೊಳವೆ, ಹೊರಗೆ ಬಿಚ್ಚಿ ಹಾಕಬಹುದಾದ ತುಂಡುಗಳು. ನಮ್ಮದರಲ್ಲಿ ಆ ತುಂಡುಗಳೆಲ್ಲ ಪ್ಲಾಸ್ಟಿಕ್.

ಈ ಪ್ಲಾಸ್ಟಿಕ್ಕಿನ ಬೆಲೆ ನಿಜವಾಗಿ ಗೊತ್ತಿರುವುದು ವಿಮೆಯವರಿಗೆ. ಲೋಹದ ಭಾಗಕ್ಕೆ ಮೊದಲ 6 ತಿಂಗಳು ಸವಕಳಿಯೇ ಇಲ್ಲ, ಆಮೇಲೆ ವಯಸ್ಸಿಗೆ ತಕ್ಕಂತೆ ಏರುತ್ತದೆ. ಪ್ಲಾಸ್ಟಿಕ್ ಭಾಗಕ್ಕೆ ವಯಸ್ಸಿನ ಮಾತೇ ಇಲ್ಲ. ಹೊಸದಿರಲಿ ಹಳೆಯದಿರಲಿ, ಶೇ. 50 ಕಡಿತ. ಸವಕಳಿ ಕಳೆಯದ ವಿಮೆಗೆ ಹೆಚ್ಚು ಕಂತು ಕಟ್ಟಿದವರಿಗೆ ಮಾತ್ರ ರಿಯಾಯಿತಿ. ಒಂದು ಪ್ಯಾನೆಲ್ಲಿಗಾಗಿ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಲೆಕ್ಕ ಹಾಕಿ, ಕೈಯಿಂದಲೇ ಖರ್ಚು ಮಾಡುವುದೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

"ಯಾವ ವರ್ಷದ ಗಾಡಿ ಸಾರ್? ಕಲರ್ ಕೋಡ್ ಹೇಳಿ" ಎಂದರು ಅಂಗಡಿಯವರು. ಬರಿ 'ಬೂದುಬಣ್ಣ' ಎಂದರೆ ಅಲ್ಲಿ ನಡೆಯುವುದಿಲ್ಲ; ಬೂದಿಯಲ್ಲೂ ನಾಲ್ಕಾರು ಬಗೆ. ಸೀಟಿನಡಿಯ ಚೀಟಿಯ ಫೋಟೋ ತೋರಿಸಿದೆ. ಪ್ಯಾನೆಲ್ ಬಂತು, ಹೆಸರಿನ ಬ್ಯಾಡ್ಜು ಬೇರೆ, ಅದರ ದುಡ್ಡೂ ಬೇರೆ. "ಒಂದು ಸೈಡ್ ಹೊಸದು ಹಾಕಿದ್ರೆ ಇನ್ನೊಂದು ಸೈಡ್ ಹಳೇದಾಗಿ ಕಾಣತ್ತೆ ಸಾರ್. ಫುಲ್ ಸೆಟ್ಟೇ ತಗೊಂಬಿಡಿ." ಮಾತು ಸುಳ್ಳಲ್ಲ. ಬಿಸಿಲಿಗೆ ಮಾಸಿದ ಬಣ್ಣದ ಪಕ್ಕ ಹೊಸ ಬಣ್ಣ ಕೂತರೆ ನಿನ್ನೆಯವರೆಗೆ ಚೆನ್ನಾಗಿದ್ದುದೆಲ್ಲ ಇವತ್ತು ಕಣ್ಣಿಗೆ ಚುಚ್ಚುತ್ತದೆ. ಆದರೂ ಒಂದನ್ನೇ ಕೊಂಡೆ.

ಬಿಚ್ಚುವ ಕೆಲಸಕ್ಕೆ ಬಲ ಬೇಡ, ಕ್ರಮ ಬೇಕು. ಬೇಕಾಗಿದ್ದು ಪಕ್ಕದ ಪ್ಯಾನೆಲ್ ಒಂದೇ. ಅದನ್ನು ತಲುಪಲು ಸೀಟೆತ್ತಿ, ಕೆಳಗಿನ ಡಬ್ಬಿಯ ಬೋಲ್ಟುಗಳನ್ನು ಹತ್ತರ ಸ್ಪ್ಯಾನರಿನಲ್ಲಿ ತಿರುವಿ, ಡಬ್ಬಿಯನ್ನು ಹೊರಗಿಡಬೇಕು. ಅದರೊಳಗಿಂದ ಒಂಟಿ ಗ್ಲೌಸು, ಆರ್‌ಸಿ ಜೆರಾಕ್ಸು, ಹಳೆಯ ಹಾಲ್ಟಿಕೆಟ್ಟು ಹೊರಬಂದವು. ಆಮೇಲೆ ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ, ಅದಾದ ಮೇಲೆ ಸ್ಟಾರ್ ಸ್ಕ್ರೂಗಳು. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಒಳಗಿನ ವೈರನ್ನೇ ಚುಚ್ಚಬಹುದು. ಅದಕ್ಕೆಂದು ಇಡ್ಲಿ ತಟ್ಟೆ ತಂದು ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ ಹಾಕಿದೆ. "ಆ ತಟ್ಟೇಲಿ ಇನ್ಮೇಲೆ ನಿಮಗೆ ಮಾತ್ರ ಇಡ್ಲಿ" ಎಂಬ ಆಜ್ಞೆ ಅಡುಗೆಮನೆಯಿಂದ ಬಂತು.

ಸ್ಕ್ರೂ ತೆಗೆದ ಮಾತ್ರಕ್ಕೆ ಪ್ಯಾನೆಲ್ ಬರುವುದಿಲ್ಲ. ಒಳಗೆ ಪ್ಲಾಸ್ಟಿಕ್ಕಿನದೇ ಕೊಂಡಿಗಳು ಕಚ್ಚಿಕೊಂಡಿರುತ್ತವೆ. ಎದುರಿಗೆ ಎಳೆದರೆ ಮುರಿಯುತ್ತವೆ, ಜಾರಿಸಿದರೆ ಬಿಡುತ್ತವೆ. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಪ್ಲಾಸ್ಟಿಕ್ ಮೆದುವಾಗಿ ಇನ್ನೂ ಸಲೀಸು. ಹೊಸದನ್ನು ಕೂರಿಸುವಾಗ ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಲ್ಲೇ ಅರೆಬರೆ ತಿರುವಿ, ಅಂಚುಗಳು ಸಮ ಕೂತ ಮೇಲಷ್ಟೇ ಬಿಗಿಯಬೇಕು. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ಕಿನ ಮರೆ ಕಿತ್ತುಬರುತ್ತದೆ.

ಹಳೆಯದು ಬಂದು ಹೊಸದು ಕೂರುವ ನಡುವೆ ಸ್ಕೂಟರು ಬರಿಮೈಯಲ್ಲಿ ನಿಂತಿತ್ತು. ನಮ್ಮ ಮೆಕ್ಯಾನಿಕ್ ಹಿಂದೊಮ್ಮೆ ಹೇಳಿದ್ದ: "ಗೀರು ಬಿದ್ರೆ ಮಾರನೇ ದಿನವೇ ಓಡಿ ಬರ್ತಾರೆ ಸಾರ್. ಬ್ರೇಕ್ ಶೂ ಸವೆದ್ರೆ ಯಾರೂ ಬರಲ್ಲ." ದಸ್ಕಾನಿಯೊ ಯಂತ್ರವನ್ನು ಎಷ್ಟು ಚೆನ್ನಾಗಿ ಮುಚ್ಚಿದರೆಂದರೆ, ಒಳಗೊಂದು ಯಂತ್ರವಿದೆ ಎನ್ನುವುದೇ ನಮಗೆ ಮರೆತುಹೋಗಿದೆ. ಅಪ್ಪನಿಗೆ ಹಾಗೆ ಮರೆಯಲು ಚೇತಕ್ ಬಿಡುತ್ತಿರಲಿಲ್ಲ. ಪ್ಲಗ್ಗಿಗೆ ಮಸಿ ಹಿಡಿದಾಗಲೆಲ್ಲ ಬಲಗಡೆಯ ಪ್ಯಾನೆಲ್ ತೆಗೆಸಿ, ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂರಿಸುತ್ತಿತ್ತು. ಈಗಿನದು ಗುಂಡಿ ಒತ್ತಿದರೆ ಹೊರಡುತ್ತದೆ. ಅದರ ಒಳಗನ್ನು ನೋಡಲು ನಮಗಿರುವ ನೆಪ ಗೀರೊಂದೇ. ಹೇಗೂ ಬಿಚ್ಚಿದ್ದೆನಲ್ಲ, ಧೂಳು ಕಟ್ಟಿದ ಏರ್ ಫಿಲ್ಟರನ್ನು ಬದಲಾಯಿಸಿ, ಪೆಟ್ರೋಲ್ ಪೈಪಿನ ಬಾಯಿ ಸೀಳಿದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಮುಚ್ಚಿದೆ. ಎಡಗಡೆಯ ಗೀರುಗಳನ್ನು ಹಾಗೇ ಬಿಟ್ಟಿದ್ದೇನೆ. ಆ ಕಡೆಯ ಪ್ಯಾನೆಲ್ ಬಿಚ್ಚಲೂ ಮುಂದೊಂದು ನೆಪ ಬೇಕಲ್ಲ.