ಹುಲಕೋಟಿಯ ಕುಡಗೋಲು

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಗಾಡಿಯಲ್ಲಿ ಕುಳಿತವನಿಗೆ ದಾರಿಯುದ್ದಕ್ಕೂ ಒಂದೇ ನೋಟ: ಎರಡೂ ಮಗ್ಗುಲಿಗೆ ಕರಿಯ ಎರೆಯ ನೆಲ, ಅದರ ಮೇಲೆ ಕಣ್ಣು ಮುಟ್ಟುವ ವರೆಗೆ ಆಕಾಶ. ಅಣ್ಣಿಗೇರಿ ಬಂದಾಗ ಪಂಪಮಹಾಕವಿಯನ್ನು ನೆನೆದು, ಗದಗು ಬರುವದರೊಳಗಾಗಿ ವೀರನಾರಾಯಣನನ್ನೂ ಕುಮಾರವ್ಯಾಸನನ್ನೂ ಸ್ಮರಿಸುವದು ನಮ್ಮ ಕಡೆಯ ಪ್ರವಾಸಿಗಳ ರೂಢಿ. ಈ ಇಬ್ಬರು ಕವಿಗಳ ಊರುಗಳ ನಡುವೆ ಇರುವ ಹುಲಕೋಟಿಯಲ್ಲಿ ಕೆಲಸವುಳ್ಳವರು ಇಳಿಯುತ್ತಾರೆಯೇ ಹೊರತು, ನೋಡುವದಕ್ಕೆಂದು ಇಳಿಯುವವರು ಕಡಿಮೆ. ಕಳೆದ ಮಾಘಮಾಸದಲ್ಲಿ ನಾನು ಅಲ್ಲಿ ಇಳಿದದ್ದು ಒಂದು ಕುಡಗೋಲಿಗಾಗಿ. ಹೀಗೆಂದರೆ ವಾಚಕರು ನಗಬಹುದು. ನಮ್ಮ ಮನೆಯವರೂ ನಕ್ಕರು.

ಸಂಗತಿಯು ಹೀಗಿದೆ. ಮೂವತ್ತು ವರ್ಷಗಳಿಂದ ನನಗೆ ಕತ್ತಿ ಚೂರಿಗಳನ್ನು ಕೂಡಿಹಾಕುವ ಚಟ. ಸಂಸ್ಕೃತದ ಮಾಸ್ತರನಿಗೆ ಇದು ಹೇಗೆ ಹತ್ತಿತೆಂದು ಕೇಳುವವರುಂಟು. ಅದು ಅಮರಕೋಶದಿಂದಲೇ ಹತ್ತಿತು. ಚೂರಿಗೆ ಅಮರಸಿಂಹನು ಹೇಳುವ ಹೆಸರುಗಳಲ್ಲಿ ಅಸಿಪುತ್ರೀ ಎಂಬುದೊಂದು, ಅಸಿಧೇನುಕಾ ಎಂಬುದೊಂದು. ಖಡ್ಗದ ಮಗಳು, ಖಡ್ಗದ ಆಕಳು! ಹುಡುಗರಿಗೆ ಇದನ್ನು ಹೇಳಿಕೊಡುವಾಗ ನಿಜವಾದ ಚೂರಿಯೊಂದನ್ನು ತೋರಿಸಬೇಕೆಂದು ಸಂತೆಯಲ್ಲಿ ಒಂದನ್ನು ಕೊಂಡೆನು. ಅದಕ್ಕೆ ಜೊತೆಯಾಗಿ ಇನ್ನೊಂದು, ಅದರ ಮೇಲೆ ಮತ್ತೊಂದು. ವರ್ಗವಾದ ಊರೂರುಗಳಿಂದ ಬಂದ ಅಡಕೊತ್ತುಗಳು, ಕ್ಷೌರಿಕರ ಕತ್ತಿಗಳು, ಕೊಡಗಿನ ಪೀಚೆಕತ್ತಿ, ಗೂರ್ಖರ ಕುಕರಿ, ಎಲುಬಿನ ಹಿಡಿಯ ಒಂದು ಖಂಜರ, ಹೆಸರಿಲ್ಲದ ಕುಡಗೋಲುಗಳು, ನನ್ನ ತಾಯಿಯ ಈಳಿಗೆ, ಹೀಗೆ ನಲವತ್ತಕ್ಕೂ ಮಿಕ್ಕಿ ಅಲಗುಗಳು ತಗಡಿನ ಟ್ರಂಕಿನಲ್ಲಿ ತುಂಬಿದವು. ಈಗ ಮಗನ ಮನೆಯಲ್ಲಿ ನನಗೆ ಸಿಕ್ಕಿರುವದು ಒಂದು ಕಪಾಟಿನ ಒಂದು ಹಲಗೆ. ಮಿಕ್ಕದ್ದನ್ನು ನಾನೇ ಒಂದು ದಾರಿಗೆ ಹಚ್ಚದಿದ್ದರೆ, ನನ್ನ ತರುವಾಯ ಎಲ್ಲವೂ ತೂಕದ ಮೇಲೆ ಮೋಡಕಾ ಅಂಗಡಿಗೆ ಹೋಗುವದು ನಿಶ್ಚಯ.

ಹಾಗಾದರೆ ಯಾವದನ್ನು ಇಡಬೇಕು? ಹಳೆಯದನ್ನು ಇಡಿರೆಂದು ಒಬ್ಬ ಮಿತ್ರರು, ಹಿಡಿಯ ಕುಸುರಿ ನೋಡಿ ಇಡಿರೆಂದು ಇನ್ನೊಬ್ಬರು. ನಾನು ಮತ್ತೆ ಅಮರನನ್ನೇ ಕೇಳಿದೆನು. ಅವನು ಛುರಿಕೆಯನ್ನು ಇಟ್ಟಿರುವದು ಕ್ಷತ್ರಿಯವರ್ಗದಲ್ಲಿ. ದಾತ್ರ ಅಥವಾ ಲವಿತ್ರವನ್ನು, ಎಂದರೆ ಕುಡಗೋಲನ್ನು, ನೇಗಿಲು ನೊಗಗಳ ಸಂಗಡ ವೈಶ್ಯವರ್ಗದಲ್ಲಿ. ಕತ್ತರಿಯನ್ನೂ ಚರ್ಮ ಚುಚ್ಚುವ ಆರೆಯನ್ನೂ ಶೂದ್ರವರ್ಗದಲ್ಲಿ. ನನ್ನ ಟ್ರಂಕಿನಲ್ಲಿ ಮೂರು ವರ್ಗಗಳೂ ಕಲಸಿ ಬಿದ್ದಿದ್ದವು. ಪಾಣಿನಿಯ ವ್ಯಾಕರಣದಲ್ಲಿ ಇತ್ರ ಎಂಬ ಪ್ರತ್ಯಯವುಂಟು. ಕೊಯ್ಯುವದೆಂಬರ್ಥದ ಲೂ ಧಾತುವಿಗೆ ಅದು ಹತ್ತಿದರೆ ಲವಿತ್ರ. ಅಗೆಯುವದೆಂಬರ್ಥದ ಖನ್ ಧಾತುವಿಗೆ ಹತ್ತಿದರೆ ಖನಿತ್ರ, ಗುದ್ದಲಿ. ನಡೆಯುವದೆಂಬರ್ಥದ ಚರ್ ಧಾತುವಿಗೆ ಹತ್ತಿದರೆ ಚರಿತ್ರ. ಕುಡಗೋಲೂ ಚರಿತ್ರವೂ ಒಂದೇ ಸೂತ್ರದ ಮಕ್ಕಳು. ಎಷ್ಟೋ ವರ್ಷ ಪಾಠ ಹೇಳಿದರೂ ಇದು ನನಗೆ ಹೊಳೆದದ್ದು ಆ ಟ್ರಂಕಿನ ಮುಂದೆ ಕುಳಿತಾಗ.

ಇದೇ ಹೊತ್ತಿಗೆ ಹುಲಕೋಟಿಯಿಂದ ಹಳೆಯ ಶಿಷ್ಯನೊಬ್ಬನ ಕರೆ ಬಂದಿತು. ಅವರ ಓಣಿಯ ಕಮ್ಮಾರನು ಈ ಸುಗ್ಗಿ ಮುಗಿದ ಮೇಲೆ ಕುಲುಮೆಯನ್ನು ಮುಚ್ಚುವನಂತೆ, ನೆರೆಮನೆಯ ಮುದುಕಿಯ ಹತ್ತಿರ ಆ ಕಮ್ಮಾರನ ತಂದೆಯ ಕೈಯ ಕುಡಗೋಲೊಂದು ಇದೆಯಂತೆ, ಬಂದು ನೋಡಬೇಕು. ಟ್ರಂಕಿನೊಳಗಿನ ನಾಲ್ಕೈದು ಅಲಗುಗಳನ್ನು ಚೀಲದಲ್ಲಿ ಸುತ್ತಿಕೊಂಡು ಹೊರಟೆನು.

ಹುಲಕೋಟಿಯು ಸಹಕಾರಕ್ಕೆ ಹೆಸರಾದ ಊರು. ಇದೇ ಗದಗು ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ‘ಹುಲಕೋಟಿಯ ಹುಲಿ’ ಎಂದು ಜನರು ಕರೆದ ಕೆ. ಎಚ್. ಪಾಟೀಲರು ಈ ಊರಿನವರೇ. ಸಹಕಾರಿ ನೂಲಿನ ಗಿರಣಿ ಇಲ್ಲಿಯದು, ಅವರ ಹೆಸರಿನ ಕೃಷಿ ವಿಜ್ಞಾನ ಕೇಂದ್ರವೂ ಇಲ್ಲಿಯದು. ಹತ್ತಿಯಿಂದ ಊರಿಗೆ ಹೆಸರು ಬಂದಿರಬಹುದು; ಆದರೆ ಹತ್ತಿಯನ್ನು ಬೆರಳಿನಿಂದ ಬಿಡಿಸುವದೇ ಹೊರತು ಅದಕ್ಕೆ ಅಲಗು ಬೇಡ. ಅಲಗು ಬೇಕಾಗುವದು ಜೋಳಕ್ಕೆ, ಗೋಧಿಗೆ, ದನಗಳ ಮೇವಿಗೆ, ಮತ್ತು ನೆಲಕ್ಕೆ.

ನೆಲಕ್ಕೆಂದದ್ದು ಅಲಂಕಾರದ ಮಾತಲ್ಲ. ಎರೆಯ ಹೊಲದಲ್ಲಿ ರಂಟೆಗಿಂತ ಕುಂಟೆಯದೇ ಹೆಚ್ಚಿನ ಕೆಲಸ. ಕುಂಟೆಯ ಕುಡವೆಂದರೆ ಅಡ್ಡಲಾಗಿ ಕೂಡಿಸಿದ ಉದ್ದನ್ನ ಕಬ್ಬಿಣದ ಅಲಗು. ಅದು ಮಣ್ಣನ್ನು ಮಗುಚದೆ, ಎರಡು ಮೂರು ಬೆರಳು ಕೆಳಗೆ ಹರಿದುಹೋಗಿ ಕಸದ ಬೇರನ್ನು ಕೊಯ್ಯುವದು. ಮೇಲೆ ಉಳಿದ ಸಡಿಲ ಮಣ್ಣು ಒಳಗಿನ ಹಸಿಯನ್ನು ಬಿಸಿಲಿನಿಂದ ಕಾಯುವದು. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿನ ಜೋಳವು ಬದುಕುವದು ಈ ಹಸಿಯ ಮೇಲೆಯೇ. ನಮ್ಮ ನಾಡಿನ ಅತ್ಯಂತ ದೊಡ್ಡ ಚೂರಿ ಇದು. ಇದನ್ನು ಯಾವ ಸಂಗ್ರಹದಲ್ಲಿಯೂ ಚೂರಿಯೆಂದು ಇಟ್ಟದ್ದನ್ನು ನಾನು ಕಂಡಿಲ್ಲ.

ಕುಲುಮೆಯಲ್ಲಿ ತೊಗಲಿನ ತಿದಿ ಹೋಗಿ ವಿದ್ಯುತ್ತಿನ ಪಂಖ ಬಂದಿದೆ. ಕಬ್ಬಿಣವಂತೂ ಲಾರಿಯ ಹಳೆಯ ಕಮಾನುಪಟ್ಟಿ. ಆದರೆ ಹದ ಕೊಡುವ ರೀತಿಯು ಬದಲಾಗಿಲ್ಲ. ಕಮ್ಮಾರನು ಅಲಗನ್ನು ಕೆಂಪಗೆ ಕಾಯಿಸಿ, ಬಾಯಿಯನ್ನು ಮಾತ್ರ ನೀರಿನಲ್ಲಿ ಅದ್ದಿ ತೆಗೆದು, ಮಸಿಯನ್ನು ಕಲ್ಲಿನಿಂದ ಉಜ್ಜಿ ಸುಮ್ಮನೆ ನೋಡುತ್ತ ನಿಂತನು. ಬೆನ್ನಿನ ಕಡೆಯ ಕಾವು ಬಾಯಿಯ ಕಡೆಗೆ ಹರಿದು ಬರುವಾಗ ಲೋಹದ ಮೇಲೆ ಬಣ್ಣಗಳು ಓಡುವವು: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನೀಲಿ. ಹಳದಿಯು ಬಾಯಿಗೆ ಬಂದ ಕ್ಷಣಕ್ಕೆ ಪುನಃ ನೀರಿಗೆ. ನೀಲಿಯಾದರೆ ಅಲಗು ಮೆತ್ತಗಾಗಿ ಬಾಗುವದು. ಬಣ್ಣ ಬರುವ ಮೊದಲೇ ಅದ್ದಿದರೆ ಗಾಜಿನಂತೆ ಮುಕ್ಕಾಗುವದು. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪಿಯರ್ಸನ್ ಎಂಬ ಪಂಡಿತನು ‘ವೂಟ್ಸ್’ ಎಂಬ ಭಾರತದ ಉಕ್ಕಿನ ವಿಷಯವಾಗಿ ಪ್ರಬಂಧವನ್ನು ಓದಿಸಿದನು. ಆ ಶಬ್ದವು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಮತ. ನಾನು ಇದನ್ನು ಹೇಳಿದಾಗ ಕಮ್ಮಾರನು ತಲೆಯೆತ್ತಲಿಲ್ಲ. ಅವನ ಕಣ್ಣು ಬಣ್ಣದ ಮೇಲೆ ಇತ್ತು.

ಕೆಲಸ ಮುಗಿದ ಬಳಿಕ ನನ್ನ ಗಂಟನ್ನು ಬಿಚ್ಚಿದೆನು. ಮೂರು ತಿಂಗಳ ಪಿಂಚಣಿಯಲ್ಲಿ ಉಳಿಸಿ ಕೊಂಡ ಖಂಜರವನ್ನು ಮೊದಲು ಅವನ ಕೈಗೆ ಕೊಟ್ಟೆನು. ಅವನು ಅದನ್ನು ಉಗುರಿನಿಂದ ಮಿಡಿದು ಕಿವಿಗೆ ಹಿಡಿದನು. ಅರದಿಂದ ಒಂದು ಮೂಲೆಯನ್ನು ಮುಟ್ಟಿದನು. “ಮಾಸ್ತರ್ರ, ಇದಕ್ಕ ಹದಾನ ಇಲ್ರಿ. ಇದು ಕೊಯ್ಯೂದಲ್ಲ, ಗ್ವಾಡಿಗೆ ಹಚ್ಚೂದು” ಎಂದನು. ಪ್ರವಾಸಿಗಳಿಗೆ ಮಾರುವದಕ್ಕೆಂದೇ ಮಾಡಿದ ತಗಡಿಗೆ ನಾನು ಇಷ್ಟು ವರ್ಷ ಎಣ್ಣೆ ಹಚ್ಚಿದ್ದೆನು.

ಇದಕ್ಕಿಂತ ದೊಡ್ಡ ಪೆಟ್ಟು ಎರಡನೆಯದು. ಗದಗಿನ ಸೀಮೆಯದೆಂದು ಮಾತ್ರ ನೆನಪಿದ್ದ ಒಂದು ಕುಡಗೋಲನ್ನು ಕೊಟ್ಟೆನು. ಅದು ಬಂದಾಗ ಕಿಲುಬಿನಿಂದ ಮುಚ್ಚಿತ್ತು. ನಾನು ಇಟ್ಟಿಗೆಯ ಪುಡಿಯಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದ್ದೆ, ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಅವನು ಹಿಡಿಯ ಹತ್ತಿರ ಬೆರಳಾಡಿಸಿ, “ಇಲ್ಲೆ ಮುದ್ರಿ ಇರ್ತಿತ್ರಿ. ನಮ್ಮಪ್ಪ ಮೂರು ಚುಕ್ಕಿ ಹೊಡೀತಿದ್ದ. ಅಳಿಸಿಬಿಟ್ಟೀರಿ. ಇನ್ನ ಇದು ಯಾರ ಕೈಂದು ಅಂತ ಹ್ಯಾಂಗ ಹೇಳ್ಲಿ?” ಎಂದನು. ಕೋಪದಿಂದ ಹೇಳಲಿಲ್ಲ. ಕೋಪ ಮಾಡಿದ್ದರೆ ವಾಸಿಯಾಗುತ್ತಿತ್ತು.

ಆ ಕುಲುಮೆಯಿಂದ ಶಿಷ್ಯನ ಮನೆಗೆ ನಡೆಯುವಾಗ ನನಗೆ ಇಬ್ಬರು ನೆನಪಾದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ನಮ್ಮ ಕಪ್ಪತಗುಡ್ಡದ, ಆಗಿನವರು ಡಂಬಳದ ಗುಡ್ಡಗಳೆಂದು ಬರೆದುದರ, ಬಂಗಾರದ ಶಿಲೆಗಳ ವಿಷಯವಾಗಿ ೧೮೭೪ರಲ್ಲಿ ಬರೆದವನು. ದಕ್ಷಿಣದೇಶವನ್ನೆಲ್ಲ ತಿರುಗಿ ಅವನು ಕೂಡಿಸಿದ್ದು ಕಲ್ಲಿನ ಕೊಡಲಿ, ಕಲ್ಲಿನ ಅಲಗು, ಕುಂಬಾರರ ಬೋಕಿ. ೧೯೦೪ರಲ್ಲಿ ಮದರಾಸಿನ ಸರಕಾರವು ಅದನ್ನು ವಸ್ತುಸಂಗ್ರಹಾಲಯಕ್ಕೆಂದು ಕೊಂಡಿತು. ಯಾತಕ್ಕೆಂದರೆ ಯಾವ ಕಲ್ಲು ಯಾವ ಸ್ಥಳದಲ್ಲಿ ಸಿಕ್ಕಿತೆಂಬುದನ್ನು ಅವನು ಬರೆದಿಟ್ಟಿದ್ದನು. ಇನ್ನೊಬ್ಬನು ಇಂಗ್ಲಂಡಿನ ಸೇನಾಪತಿ ಪಿಟ್ ರಿವರ್ಸ್. ಬಂದೂಕಗಳಿಂದ ಆರಂಭಿಸಿ, ಕ್ರಮೇಣ ಜನಸಾಮಾನ್ಯರ ದಿನಬಳಕೆಯ ವಸ್ತುಗಳಿಗೆ ಇಳಿದು, ಅಲ್ಲ, ಏರಿ, ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಸ್ತುಗಳನ್ನು ೧೮೮೪ರಲ್ಲಿ ಆಕ್ಸಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟನು. ನನ್ನ ಹತ್ತಿರ ಸ್ಥಳದ ಗುರುತೂ ಇರಲಿಲ್ಲ, ಕೈಯ ಗುರುತೂ ಇರಲಿಲ್ಲ.

ಮುದುಕಿಯು ಕಟ್ಟೆಯ ಮೇಲೆ ಕುಳಿತಿದ್ದಳು; ಎಪ್ಪತ್ತೈದರ ಆಚೆಯ ವಯಸ್ಸು. ಕುಡಗೋಲನ್ನು ಸೂರಿನ ಸಂದಿನಿಂದ ತಂದು ನನ್ನ ಮುಂದೆ ಇಟ್ಟಳು. ಅತ್ತೆ ಕೊಟ್ಟಾಗ ಮೂರು ಬೆರಳು ಅಗಲವಿತ್ತಂತೆ. ಹಣಿಸಿ ಮಸೆಸಿ ಈಗ ಒಂದು ಬೆರಳು ಉಳಿದು ಬಿದಿಗೆಯ ಚಂದ್ರನಂತಾಗಿದೆ. ಜಾಲಿಯ ಹಿಡಿಯು ಮೂರನೆಯದು. ಮೂರು ಚುಕ್ಕೆಗಳು ಮಾತ್ರ ಸ್ಪಷ್ಟವಾಗಿದ್ದವು. ಜೋಳದ ತೆನೆ ಕೊಯ್ದದ್ದು ಇದರಿಂದಲೇ. ೧೯೭೨ರ ಬರದಲ್ಲಿ ಎತ್ತುಗಳಿಗೆ ಬೇವಿನ ತಪ್ಪಲು ಇಳಿಸಿದ್ದು ಇದರಿಂದಲೇ. ಒಂದೆತ್ತು ಉಳಿಯಿತು, ಒಂದು ಉಳಿಯಲಿಲ್ಲ. ಮೂರು ಬಾಣಂತನಗಳಲ್ಲಿ ತಲೆದಿಂಬಿನ ಕೆಳಗೆ ಇದ್ದದ್ದೂ ಇದೇ.

ನಾನು ಐದುನೂರು ರೂಪಾಯಿ ಕೊಡುವೆನೆಂದು ಹೇಳಿದೆನು. ಶಿಷ್ಯನು ನೆಲ ನೋಡಿದನು. ಮುದುಕಿ ನಕ್ಕಳು. “ಒಯ್ದು ಏನ ಮಾಡ್ತೀರಿ ಮಾಸ್ತರ?”

“ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡತೇನವ್ವಾ.”

“ಪೆಟ್ಟಿಗ್ಯಾಗ ಅದು ಏನ ಕೊಯ್ಯಬೇಕ್ರಿ? ನಾಳಿ ಮುಂಜಾನೆ ಆಕಳಿಗೆ ಹುಲ್ಲ ಯಾರು ತರಬೇಕು?”

ಇದಕ್ಕೆ ಉತ್ತರವು ಅಮರನಲ್ಲಿಯೂ ಇಲ್ಲ, ಪಾಣಿನಿಯಲ್ಲಿಯೂ ಇಲ್ಲ. ಹಾಳೆಯ ಮೇಲೆ ಇಟ್ಟು ಸೀಸದ ಕಡ್ಡಿಯಿಂದ ಅದರ ಅಂಚನ್ನು ಬರೆದುಕೊಳ್ಳಲೇ ಎಂದು ಕೇಳಿದೆನು. ಅದಕ್ಕೆ ಒಪ್ಪಿದಳು, ನಾನು ಬರೆಯುವಾಗ ಹಾಳೆಯು ಜಾರದಂತೆ ತನ್ನ ಅಂಗೈಯಿಂದ ಒತ್ತಿಹಿಡಿದಳು.

ಆ ರಾತ್ರಿ ಶಿಷ್ಯನ ಮನೆಯಲ್ಲಿ ನಿರ್ಧಾರ ಮಾಡಿದೆನು. ಗದಗಿನ ಸೀಮೆಯ ಹೊಲ ಮನೆಗಳ ಅಲಗುಗಳು ಮಾತ್ರ, ಅವುಗಳಲ್ಲಿಯೂ ದುಡಿತ ಮುಗಿದವು ಮಾತ್ರ. ಒಂದೊಂದಕ್ಕೂ ಯಾರು ಬಡಿದರು, ಯಾರು ಹಿಡಿದರು, ಏನನ್ನು ಕೊಯ್ಯಿತು ಎಂಬ ಚೀಟಿ. ಚೀಟಿ ಸಿಗದ ಅಲಗು ಎಷ್ಟೇ ಸುಂದರವಾಗಿದ್ದರೂ ಬೇಡ. ಕಾಯಿದೆಯೂ ಈ ವಿಭಾಗವನ್ನೇ ಮಾಡಿರುವದು ವಿನೋದದ ಸಂಗತಿ. ೧೯೫೯ರ ಶಸ್ತ್ರಗಳ ಕಾಯಿದೆಯು ಕೇವಲ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆಂದು ಮಾಡಿದ ವಸ್ತುಗಳನ್ನು ಶಸ್ತ್ರವೆಂದು ಎಣಿಸುವದಿಲ್ಲ. ಮಿಕ್ಕವುಗಳಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳಿಗೆ, ಸರಕಾರವು ಸಾರಿದ ಪ್ರದೇಶಗಳಲ್ಲಿ, ಪರವಾನಗಿ ಬೇಕು. ಇಂಥ ಚಟವುಳ್ಳವರು ತಮ್ಮ ಊರಿನ ಸಂಗತಿಯನ್ನು ವಿಚಾರಿಸಿಕೊಳ್ಳುವದು ಒಳ್ಳೆಯದು. ಆಯುಧಗಳನ್ನು ಕಸಿದುಕೊಳ್ಳುವ ಆಜ್ಞೆಗೆ ೧೮೫೭ರಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದನು. ಅಮರನ ಕ್ಷತ್ರಿಯವರ್ಗವು ನಮ್ಮ ಮನೆಗಳಿಂದ ಹೊರಟುಹೋದ ಮೇಲೂ ವೈಶ್ಯವರ್ಗವು ಸೂರಿನ ಸಂದಿನಲ್ಲಿ ಉಳಿಯಿತು. ಈಗ ಅದೂ ಮೋಡಕಾ ಗಾಡಿಯನ್ನು ಏರುತ್ತಿದೆ.

ಕಮ್ಮಾರನಿಂದ ಹಿಂದಿರುಗುವ ದಿನ ಎರಡು ವಸ್ತುಗಳನ್ನು ಕೊಂಡೆನು: ಸವೆದ ಒಂದು ಕುಂಟೆಯ ಕುಡ, ಹಲ್ಲು ಹೋದ ಒಂದು ಕುಡಗೋಲು. ತಿಕ್ಕುವದಿಲ್ಲ. ಅರಿವೆಯಿಂದ ಧೂಳು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಪೀಚೆಕತ್ತಿಯು ಕೊಡಗಿನ ಮಿತ್ರರ ಮನೆಗೆ ಹೋಯಿತು. ಅಲ್ಲಿ ಅದಕ್ಕೆ ಹಬ್ಬವುಂಟು, ಪೂಜೆಯುಂಟು. ಖಂಜರವನ್ನು ಯಾರಿಗೆ ಕೊಡಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಹೊಸ ಪುಸ್ತಕದ ಮೊದಲನೆಯ ಪುಟದಲ್ಲಿ ಮುದುಕಿಯ ಕುಡಗೋಲಿನ ಅಂಚನ್ನು ಅಂಟಿಸಿ, ಅವಳು ಹೇಳಿದ್ದನ್ನೆಲ್ಲ ಬರೆದು, ‘ಇರುವ ಸ್ಥಳ’ ಎಂಬಲ್ಲಿ ಹುಲಕೋಟಿ ಎಂದು ಬರೆದಿದ್ದೇನೆ.

ತಾಯಿಯ ಈಳಿಗೆಯನ್ನೂ ಟ್ರಂಕಿನಿಂದ ತೆಗೆದು ಅಡಿಗೆಮನೆಗೆ ಕೊಟ್ಟೆನು. ಸೊಸೆಗೆ ನೆಲದ ಮೇಲೆ ಕುಳಿತು ಹೆಚ್ಚುವ ರೂಢಿಯಿಲ್ಲ. ಆದ್ದರಿಂದ ನಾನೇ ಬದನೆಕಾಯಿ ಹೆಚ್ಚಲು ಕುಳಿತು ಹೆಬ್ಬೆರಳನ್ನು ಕೊಯ್ದುಕೊಂಡೆನು. ಅಲಗು ಇನ್ನೂ ಚೆನ್ನಾಗಿದೆ. ಮಣೆಗೆ ಬಿರುಕು ಬಿಟ್ಟಿದೆ, ಬಡಿಗನ ಹತ್ತಿರ ಒಯ್ಯಬೇಕು.