ದೊಡ್ಡ ಟೈರ್ ತರುವ ಮುಂಚೆ ರಿಂ ಮೇಲಿನ ನಂಬರ್ ಓದಿ

ನಮ್ಮ ಉಗಾರ ಖುರ್ದದಲ್ಲಿ ದಸರಾ ಮುಗಿಯುತ್ತಿದ್ದಂತೆ ಎಲ್ಲರ ಬಾಯಲ್ಲೂ ಕಬ್ಬಿನ ಮಾತೇ. ಕಾರ್ಖಾನೆ ಯಾವಾಗ ಶುರು, ಗ್ಯಾಂಗ್ ಯಾವಾಗ ಬರುತ್ತದೆ, ಯಾರ ಹೊಲ ಮೊದಲು ಕಡಿಯುತ್ತಾರೆ. ಕಳೆದ ಹಂಗಾಮಿನ ಮುಂಚೆ ನಮ್ಮ ಮನೆಯಲ್ಲಿ ಇನ್ನೊಂದು ಮಾತೂ ಸೇರಿತ್ತು: ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ದೊಡ್ಡ ಟೈರ್ ಹಾಕಿಸುವುದೋ ಬೇಡವೋ?

ಕಾರಣ ರಾಡಿ. ಕೃಷ್ಣಾ ನದಿ ಕಡೆಯ ಎರಿ ಹೊಲ ನಿಮಗೆ ಗೊತ್ತಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆಣ್ಣೆ. ಅಣ್ಣನ ಟ್ರ್ಯಾಕ್ಟರ್ ತುಂಬಿದ ಟ್ರಾಲಿ ಎಳೆಯುವಾಗ ನಿಂತಲ್ಲೇ ಗಾಲಿ ತಿರುಗಿಸಿ ಹೊಂಡ ಮಾಡುತ್ತಿತ್ತು. ಹಿಂದಿನ ಟೈರಿನ ಹಲ್ಲು ಪೂರ್ತಿ ಸವೆದಿದ್ದವು, ಹೊಸದು ಹೇಗೂ ಬೇಕಿತ್ತು. ಟೈರ್ ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸಿದರು: "13.6 ಯಾಕ್ರಿ? 14.9 ಹಾಕ್ರಿ. ರಿಂ ಅದ ಇರ್ಲಿ, ಕುಂದರತೈತಿ."

ದುಡ್ಡು ವೈನಿಯದು. ಮಹಿಳಾ ಸಂಘದಿಂದ ತೆಗೆದ ಸಾಲ. ಗ್ಯಾಂಗಿಗೆ ಮುಂಗಡ ಕೊಟ್ಟಾಗಿತ್ತು, ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಟೈರ್ ಸರಿ ಬರದಿದ್ದರೆ ಎರಡನೇ ಸಲ ಕೊಳ್ಳುವ ಮಾತೇ ಇಲ್ಲ. ಅದಕ್ಕೇ ವೈನಿ ನನಗೆ ಹೇಳಿದರು: "ನೀ ಓದೀದಾಂವ ಅದಿ. ಕೇಳಿ, ಅಳದು, ಆಮ್ಯಾಲೆ ಹೇಳು."

ಮೊದಲು ನಂಬರಿನ ಅರ್ಥ. 13.6-28 ಅಂದರೆ ಟೈರಿನ ಅಗಲ ಸುಮಾರು 13.6 ಇಂಚು, ಅದು ಕೂರುವ ರಿಂನ ವ್ಯಾಸ 28 ಇಂಚು. 14.9-28 ಟೈರ್ ಕೂಡ 28ರ ರಿಂಗೇ ಬರುತ್ತದೆ. ಅಂಗಡಿಯವರು "ಕುಂದರತೈತಿ" ಅಂದಿದ್ದು ಇದಕ್ಕೇ. ಆದರೆ ರಿಂಗೂ ಒಂದು ಅಗಲ ಇದೆ. ಅದನ್ನು ರಿಂ ಮೇಲೆಯೇ ಒತ್ತಿರುತ್ತಾರೆ: ಡಬ್ಲ್ಯು 11 × 28, ಡಬ್ಲ್ಯು 12 × 28, ಹೀಗೆ. 13.6ರ ಟೈರಿಗೆ ಸರಿಯಾದ ರಿಂ ಡಬ್ಲ್ಯು 12, ಡಬ್ಲ್ಯು 11 ಕೂಡ ನಡೆಯುತ್ತದೆ. 14.9ಕ್ಕೆ ಸರಿಯಾದದ್ದು ಡಬ್ಲ್ಯು 13, ಡಬ್ಲ್ಯು 12 ನಡೆಯುತ್ತದೆ.

ನಾನು ತಂತಿ ಬ್ರಷ್ ತೆಗೆದುಕೊಂಡು ಗಾಲಿ ಹತ್ತಿರ ಕೂತೆ. ರಾಡಿ, ತುಕ್ಕು ಉಜ್ಜಿದ ಮೇಲೆ ಕಂಡದ್ದು ಡಬ್ಲ್ಯು 11. ಅಂದರೆ 14.9 ಅದರ ಮೇಲೆ ಏರುತ್ತದೆ, ಆದರೆ ಸರಿಯಾಗಿ ಕೂರುವುದಿಲ್ಲ. ಇಕ್ಕಟ್ಟಾದ ರಿಂ ಟೈರಿನ ಎರಡೂ ಅಂಚನ್ನು ಒಳಕ್ಕೆ ಹಿಂಡುತ್ತದೆ. ಆಗ ನೆಲ ಮುಟ್ಟುವ ಭಾಗ ನಡುವೆ ಉಬ್ಬಿ ನಿಲ್ಲುತ್ತದೆ. ನಡುವಿನ ಹಲ್ಲು ಬೇಗ ಸವೆಯುತ್ತವೆ, ಅಂಚಿನ ಹಲ್ಲು ನೆಲ ಹಿಡಿಯುವುದೇ ಇಲ್ಲ. ಅಗಲಕ್ಕೆ ಅಂತ ಕೊಟ್ಟ ದುಡ್ಡು ಅಲ್ಲೇ ಹೋಯಿತು.

ಎರಡನೆಯದು ಎತ್ತರ. 14.9ರ ಟೈರ್ 13.6ಕ್ಕಿಂತ ಸುಮಾರು 2 ಇಂಚು ಎತ್ತರ. ಅಂದರೆ ಗಾಲಿ ಒಂದು ಸುತ್ತು ತಿರುಗಿದಾಗ ಟ್ರ್ಯಾಕ್ಟರ್ ನೂರಕ್ಕೆ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಅದೇ ಗೇರಿನಲ್ಲಿ ವೇಗ ಸ್ವಲ್ಪ ಹೆಚ್ಚು, ಎಂಜಿನ್ ಕೊಡುವ ಎಳೆತ ಅಷ್ಟೇ ಕಡಿಮೆ. ಬ್ರೇಕಿಗೂ ಇದೇ ಲೆಕ್ಕ. ಎರಡು ಟ್ರಾಲಿ ಕಬ್ಬು ಹಿಂದೆ ಇದ್ದಾಗ ಇದು ಸಣ್ಣ ಮಾತಲ್ಲ. ಅದಕ್ಕೇ ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕ ಹುಡುಕಿದೆವು. ಅಣ್ಣನ ಮಾಡೆಲ್‌ಗೆ 13.6-28, 14.9-28 ಎರಡನ್ನೂ ಬರೆದಿದ್ದರು. ಬರೆದಿರದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಪಕ್ಕದ ಹೊಲದ ಕಾಕಾ ಇದನ್ನೆಲ್ಲ ನೋಡುತ್ತಿದ್ದರು. ಅವರದು ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್. "ನನಗೂ ಹಿಂದ ದೊಡ್ಡವು ಹಾಕಸ್ತೇನಿ" ಅಂದರು. ಅವರ ಪುಸ್ತಕ ತೆಗೆದರೆ ಅಲ್ಲಿ ಮುಂದಿನ, ಹಿಂದಿನ ಟೈರುಗಳನ್ನು ಜೋಡಿ ಮಾಡಿಯೇ ಬರೆದಿದ್ದರು. ಯಾಕೆಂದರೆ ಇಂಥ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಚೂರು ಜೋರಾಗಿ ಓಡುವಂತೆ ಗೇರ್ ಲೆಕ್ಕ ಇರುತ್ತದೆ, ಸಾಮಾನ್ಯವಾಗಿ ನೂರಕ್ಕೆ 1ರಿಂದ 5ರಷ್ಟು. ಹಿಂದಿನದನ್ನು ಮಾತ್ರ ನೂರಕ್ಕೆ 4ರಷ್ಟು ದೊಡ್ಡದು ಮಾಡಿದರೆ ಆ ಲೆಕ್ಕ ಕೆಡುತ್ತದೆ. ಮುಂದಿನ ಗಾಲಿ ಎಳೆಯುವ ಬದಲು ತಡೆಯುತ್ತದೆ. ಟೈರ್ ಸವೆಯುತ್ತದೆ, ಒಳಗಿನ ಗೇರಿಗೂ ಪೆಟ್ಟು. ಕಾಕಾ ಪುಸ್ತಕ ಮುಚ್ಚಿ, "ಇದ್ದದ್ದ ಇರ್ಲಿ ಬಿಡಪಾ" ಅಂದರು.

ಮೂರನೇ ಪ್ರಶ್ನೆ ವೈನಿ ಕೇಳಿದ್ದು. ನಮ್ಮ ಯಾರ ತಲೆಗೂ ಅದು ಬಂದಿರಲಿಲ್ಲ. "ಗಾಲಿ ಅಗಲ ಆದ್ರ ಕುಳಿ ಕಬ್ಬಿನ ಮ್ಯಾಲೆ ಹೋಗಂಗಿಲ್ಲೇನು?"

ಕಡಿದ ಮೇಲೆ ಉಳಿದ ಬುಡವೇ ಮುಂದಿನ ವರ್ಷದ ಬೆಳೆ. ಹಸಿ ನೆಲದಲ್ಲಿ ಅದರ ಮೇಲೆ ಗಾಲಿ ಹೋದರೆ ಬುಡ ಒಡೆಯುತ್ತದೆ, ಮಣ್ಣು ಗಟ್ಟಿಯಾಗಿ ಚಿಗುರು ಸೊರಗುತ್ತದೆ. ಟೇಪ್ ಹಿಡಿದು ಲೆಕ್ಕ ಹಾಕಿದೆವು. ಹೊಸ ಹೊಲದಲ್ಲಿ ಸಾಲಿನಿಂದ ಸಾಲಿಗೆ 5 ಅಡಿ, ಅಂದರೆ 60 ಇಂಚು. ಎರಡು ಹಿಂದಿನ ಗಾಲಿಗಳ ನಡುವಿನಿಂದ ನಡುವಿಗೆ 60 ಇಂಚು ಇಟ್ಟರೆ ಒಂದು ಸಾಲು ಟ್ರ್ಯಾಕ್ಟರ್ ಹೊಟ್ಟೆ ಕೆಳಗೆ, ಗಾಲಿ ಎರಡೂ ಸಾಲಿನ ನಟ್ಟನಡುವೆ. ಟೈರಿನ ಅಂಚಿನಿಂದ ಕಬ್ಬಿನ ಸಾಲಿನ ನಡುವಿಗೆ 22 ಇಂಚಿಗೂ ಹೆಚ್ಚು ಜಾಗ. ಹಳೆಯ 3 ಅಡಿ ಸಾಲಿನ ಹೊಲದಲ್ಲಿ ಗಾಲಿಗಳ ನಡುವೆ 72 ಇಂಚು ಇಟ್ಟರೂ ಉಳಿಯುವುದು ಹತ್ತೂವರೆ ಇಂಚು ಮಾತ್ರ. ಬುಡ ಹರಡಿದ್ದರೆ ಅದೂ ಸಾಲದು.

ಈ ಅಂತರ ಬದಲಿಸಲು ಹೊಸದೇನೂ ಕೊಳ್ಳಬೇಕಿಲ್ಲ. ಹಿಂದಿನ ಗಾಲಿಯಲ್ಲಿ ನಡುವಿನ ಡಿಸ್ಕ್ ಬೇರೆ, ಸುತ್ತಲಿನ ರಿಂ ಬೇರೆ, ಬೋಲ್ಟ್‌ನಿಂದ ಜೋಡಿಸಿರುತ್ತಾರೆ. ಡಿಸ್ಕನ್ನು ಒಳಮುಖ ಅಥವಾ ಹೊರಮುಖ ಮಾಡಿ, ರಿಂನ ಈ ಕಡೆ ಅಥವಾ ಆ ಕಡೆ ಕೂರಿಸಿದರೆ ಬೇರೆ ಬೇರೆ ಅಂತರ ಸಿಗುತ್ತದೆ. ಪೂರ್ತಿ ಗಾಲಿ ತಿರುಗಿಸಿ ಹಾಕಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರಬೇಕು. ಇಲ್ಲದಿದ್ದರೆ ಟೈರಿನ ಬಾಣದ ಗುರುತು ಉಲ್ಟಾ ಆಗಿ ಹಲ್ಲಿನಲ್ಲಿ ರಾಡಿ ತುಂಬಿಕೊಳ್ಳುತ್ತದೆ.

ಕೊನೆಗೆ ಅಣ್ಣ 14.9ರ ಟೈರನ್ನೇ ತಂದ, ಆದರೆ ಡಬ್ಲ್ಯು 13ರ ರಿಂ ಮತ್ತು ಅದೇ ಅಳತೆಯ ಟ್ಯೂಬಿನ ಜೊತೆ. ರಿಂಗಳನ್ನು ಬಳಸಿದ್ದೇ ತಂದೆವು. ಬಿರುಕು, ವೆಲ್ಡಿಂಗ್ ಗುರುತು, ಓರೆ ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿಯೇ ದುಡ್ಡು ಕೊಟ್ಟದ್ದು. ಗಾಲಿಗಳ ಅಂತರ 60 ಇಂಚು. ಹಳೆಯ 3 ಅಡಿ ಹೊಲ ಹಸಿ ಇರುವಾಗ ಟ್ರ್ಯಾಕ್ಟರ್ ಒಳಗೆ ಬಿಡುವುದಿಲ್ಲ ಅಂತ ಅಣ್ಣ ವೈನಿಗೆ ಮಾತು ಕೊಟ್ಟ. ಕೂರಿಸಿದ ಮೇಲೆ ಮಡ್‌ಗಾರ್ಡ್‌ಗೆ ತಾಗುತ್ತದಾ, ನೇಗಿಲು ಎತ್ತಿದಾಗ ಕೆಳಗಿನ ಲಿಂಕ್ ಟೈರಿಗೆ ಉಜ್ಜುತ್ತದಾ ನೋಡಿದೆವು. ಮೊದಲ ದಿನ ಕೆಲಸ ಮಾಡಿ ಬಂದು ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿದೆವು.

ಹೊಲದಲ್ಲಿ ಈಗ ಗಾಲಿ ಮೊದಲಿನಷ್ಟು ತಿರುಗಿ ನಿಲ್ಲುವುದಿಲ್ಲ. ಆದರೆ ಟ್ರಾಲಿ ಹುದುಗುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಕಬ್ಬಿನ ಭಾರ ಹೆಚ್ಚಿನದು ಟ್ರಾಲಿ ಗಾಲಿ ಮೇಲೆಯೇ, ಟ್ರ್ಯಾಕ್ಟರ್ ಟೈರ್ ಎಷ್ಟು ಅಗಲ ಮಾಡಿದರೂ ಅದು ಹಗುರಾಗುವುದಿಲ್ಲ. ಅದಕ್ಕೆ ಹೊಲದೊಳಗೆ ಅರ್ಧ ತುಂಬಿ, ಉಳಿದದ್ದನ್ನು ದಂಡೆಗೆ ಹೊತ್ತು ತಂದು ತುಂಬುತ್ತೇವೆ. ಗ್ಯಾಂಗಿನವರಿಗೆ ಕೆಲಸ ಹೆಚ್ಚು, ಅದಕ್ಕೆ ಬೇರೆ ಕೊಡುತ್ತೇವೆ. ಗಾಳಿಯೂ ಅಷ್ಟೇ ಮುಖ್ಯ: ಉಳುವಾಗ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ ಸಾಕು, ಭಾರ ಎಳೆದು ರಸ್ತೆಗೆ ಹೋಗುವಾಗ ಹೆಚ್ಚು ಬೇಕು. ಎಷ್ಟು ಅಂತ ಟೈರ್ ಕಂಪನಿಯ ಪಟ್ಟಿ ನೋಡಿ.

ನೀವೂ ಟೈರ್ ಬದಲಿಸುವವರಿದ್ದರೆ ಅಂಗಡಿಗೆ ಹೋಗುವ ಮುಂಚೆ ಮೊಬೈಲಿನಲ್ಲಿ ಮೂರು ಫೋಟೊ ತೆಗೆಯಿರಿ: ಟೈರ್ ಮೇಲಿನ ನಂಬರ್, ರಿಂ ಮೇಲಿನ ನಂಬರ್, ಪುಸ್ತಕದಲ್ಲಿ ಟೈರ್ ಅಳತೆ ಬರೆದ ಪುಟ. ಅದರ ಜೊತೆ ಹೊಲದ ಸಾಲಿನ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಇಷ್ಟು ಕೈಯಲ್ಲಿದ್ದರೆ "ಕುಂದರತೈತಿ" ಅನ್ನುವವರಿಗೆ "ಯಾವ ರಿಂ ಮ್ಯಾಲೆ?" ಅಂತ ಕೇಳಬಹುದು.