ಖಾಲಿ ಲಕೋಟೆ

ಕಚೇರಿಯ ನಮೂನೆಯಲ್ಲಿ ಅಂಕಣ ಖಾಲಿಯಿದ್ದರೆ ನಾವು ಸೊನ್ನೆ ಬರೆಯುತ್ತಿದ್ದೆವು. ತಂತ್ರಾಂಶದ ನಿಯಮಗಳನ್ನು ನಿರೂಪಿಸುವ ಓಸಿಎಲ್ ಭಾಷೆ ಇದನ್ನು ಒಪ್ಪದು. ಅಲ್ಲಿ ‘ನಲ್’ ಎಂದರೆ ಮೌಲ್ಯವಿಲ್ಲ. ‘ಇನ್‌ವ್ಯಾಲಿಡ್’ ಎಂದರೆ, ಸೊನ್ನೆಯಿಂದ ಭಾಗಿಸಿದಂತೆ, ಲೆಕ್ಕವೇ ಕೆಟ್ಟಿದೆ. ಇಸಬೆಲ್ ಎಂಬ ಯಂತ್ರತರ್ಕದಲ್ಲಾದರೋ ಪ್ರತಿ ಉಕ್ತಿಗೂ ಮೌಲ್ಯವಿರಲೇಬೇಕು. ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಅಲ್ಲಿ ಸೊನ್ನೆಯೇ. ಆದ್ದರಿಂದ ವಿದ್ವಾಂಸರು ಓಸಿಎಲ್ ಮೌಲ್ಯಗಳನ್ನು ಲಕೋಟೆಯೊಳಗೆ ಲಕೋಟೆಯಿಟ್ಟಂತೆ ಅದರೊಳಗೆ ಕೂರಿಸಿದರು: ಹೊರಗಿನದೇ ಖಾಲಿಯಾದರೆ ಇನ್‌ವ್ಯಾಲಿಡ್, ಒಳಗಿನದು ಖಾಲಿಯಾದರೆ ನಲ್, ಎರಡೂ ತುಂಬಿದ್ದರೆ ಮೌಲ್ಯ.

ಇದನ್ನು ಓದಿದ ದಿನ, ಮಗಳ ಶಾಲೆಯ ಅರ್ಜಿಯಲ್ಲಿ ‘ಮಾತೃಭಾಷೆ’ಯ ಮುಂದೆ ನಾವು ಬಿಟ್ಟಿದ್ದ ಜಾಗ ನೆನಪಾಯಿತು. ದೆಹಲಿಯಲ್ಲಿ ಹುಟ್ಟಿದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬಾರದು. ನೋಡಿದವರಿಗೆ ಅದು ಯಾವ ಖಾಲಿ? ಮರುದಿನ ರಜೆ ಹಾಕಿ ಶಾಲೆಗೆ ಹೋಗಿ ‘ಕನ್ನಡ’ ಎಂದು ಬರೆದು ಬಂದೆವು.